ಊರ ಕಾವಲಿಗೆ ಊರವರ ದತ್ತಿ

ಶಿವಶರಣರ ಕೃಪೆಯಿಂದ ಶ್ರೀಮಠದ ಮಹೋತ್ಸವವು ನೆರವೇರುತ್ತಿರುವ ಈ ಶುಭಸಮಯದಲ್ಲಿ, ಸದ್ಭಕ್ತರು ತಲೆತಲಾಂತರದಿಂದ ಸಲ್ಲಿಸುತ್ತ ಬಂದ ದತ್ತಿಗಳನ್ನು ನೆನೆಯುವುದು ಸಹಜವೂ ಉಚಿತವೂ ಆಗಿರುತ್ತದೆ. ದಾಸೋಹಕ್ಕೆ ಬಿಟ್ಟ ಹೊಲ, ಪಾಠಶಾಲೆಗೆ ಕಟ್ಟಿಸಿಕೊಟ್ಟ ಮಂದಿರ, ವಿದ್ಯಾರ್ಥಿಗಳ ಪ್ರಸಾದನಿಲಯಕ್ಕೆ ಅಳೆದ ಧಾನ್ಯ, ದಾರಿಗರಿಗಾಗಿ ತೋಡಿಸಿದ ಬಾವಿ, ಇವುಗಳ ಕಥೆಯನ್ನು ಬಲ್ಲವರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ನಮ್ಮ ಪೂರ್ವಿಕರು ಇನ್ನೊಂದು ಬಗೆಯ ದತ್ತಿಯನ್ನೂ ಕೊಡುತ್ತಿದ್ದರು. ಅದನ್ನು ನಾವು ಬಹುಮಟ್ಟಿಗೆ ಮರೆತಿದ್ದೇವೆ. ಅದು ಊರಿನ ಕಾವಲಿಗೆ ಕೊಟ್ಟ ದತ್ತಿ.

ಈ ವಿಷಯವನ್ನು ಈಗ ಎತ್ತಿಕೊಳ್ಳುವುದಕ್ಕೆ ಕಾರಣವುಂಟು. ಈಚೆಗೆ ನಮ್ಮ ಊರುಗಳಲ್ಲಿ ಅನುಕೂಲಸ್ಥರು ಪೋಲೀಸು ಠಾಣೆಗೆ ವಾಹನವನ್ನೋ, ಬೀದಿಗಳಲ್ಲಿ ನಿಲ್ಲಿಸುವ ಕ್ಯಾಮರಾಗಳನ್ನೋ, ರಸ್ತೆಗೆ ಅಡ್ಡವಿಡುವ ಬ್ಯಾರಿಕೇಡುಗಳನ್ನೋ ಕೊಡಿಸುವುದನ್ನು ಕಾಣುತ್ತೇವೆ. ಜಾತ್ರೆಯ ತೇರಿನ ದಿನ ಜನಸಂದಣಿಯನ್ನು ನಿಯಮಿಸುವ ಸ್ವಯಂಸೇವಕರಿಗೆ ಸಮವಸ್ತ್ರ, ಬ್ಯಾಟರಿ, ಊಟೋಪಚಾರಗಳನ್ನು ಒದಗಿಸುವವರೂ ಇದ್ದಾರೆ. ಇದು ಪುಣ್ಯಕಾರ್ಯವೆಂದು ಕೆಲವರು ಹೇಳುವರು. ಇನ್ನು ಕೆಲವರು, ದಾನಿಯು ಕೊಟ್ಟ ಬಂಡಿಯಲ್ಲಿ ತಿರುಗುವ ಪೋಲೀಸನು ದಾನಿಯ ಮನೆಯ ಬಾಗಿಲನ್ನು ಕಾಯುವಂತೆ ಬಡವನ ಗುಡಿಸಲಿನ ಬಾಗಿಲನ್ನೂ ಕಾಯುವನೇ ಎಂದು ಕೇಳುವರು. ಎರಡು ಮಾತಿನಲ್ಲಿಯೂ ನ್ಯಾಯವಿದೆ. ಇವೆರಡರ ನಡುವೆ ನಿರ್ಣಯವನ್ನು ಮಾಡಬೇಕಾದರೆ, ಕಾವಲಿಗೆ ದತ್ತಿ ಕೊಡುವ ಪದ್ಧತಿಯು ನಮ್ಮ ನಾಡಿನಲ್ಲಿ ಹೇಗೆ ಬೆಳೆದುಬಂದಿತು, ಎಲ್ಲಿ ಒಳ್ಳೆಯದಾಯಿತು, ಎಲ್ಲಿ ಕೆಟ್ಟಿತು ಎಂಬುದನ್ನು ನೋಡಬೇಕಾಗುತ್ತದೆ.

ಕನ್ನಡದ ಅತಿ ಪ್ರಾಚೀನ ಶಾಸನಗಳಲ್ಲಿ ಒಂದೆಂದು ಎಣಿಸಲ್ಪಟ್ಟಿರುವ ಹಲ್ಮಿಡಿಯ ಶಾಸನವೇ ಇಂತಹ ಒಂದು ದತ್ತಿಯನ್ನು ಕುರಿತದ್ದಾಗಿದೆ. ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನಲ್ಲಿ ದೊರೆತ ಈ ಕಲ್ಲನ್ನು ವಿದ್ವಾಂಸರು ಕ್ರಿ. ಶ. 450ರ ಸುಮಾರಿನದೆಂದು ಗೊತ್ತುಮಾಡಿದ್ದಾರೆ. ಕದಂಬರ ಕಾಲದ ಆ ಶಾಸನದಲ್ಲಿ, ಕಾಳಗದಲ್ಲಿ ಪರಾಕ್ರಮ ತೋರಿದ ವಿಜಾರಸನೆಂಬ ವೀರನಿಗೆ ಹಲ್ಮಿಡಿ, ಮೂಳಿವಳ್ಳಿ ಎಂಬ ಎರಡು ಊರುಗಳನ್ನು ‘ಬಾಳ್ಗಳ್ಚು’ ಆಗಿ ಕೊಟ್ಟ ಸಂಗತಿಯು ಹೇಳಲ್ಪಟ್ಟಿದೆ. ಬಾಳ್ ಎಂದರೆ ಕತ್ತಿ. ಕಳ್ಚು ಎಂದರೆ ತೊಳೆಯುವುದು. ಹೋರಾಡಿ ಬಂದವನ ಕತ್ತಿಯನ್ನು ತೊಳೆದು ಭೂಮಿಯನ್ನು ಧಾರೆಯೆರೆದು ಕೊಡುವ ಸಂಪ್ರದಾಯವನ್ನು ಈ ಒಂದೇ ಪದವು ನಮಗೆ ಉಳಿಸಿಕೊಟ್ಟಿದೆ.

ಹೋರಾಡಿ ಹಿಂದಿರುಗದವರ ಮನೆಯವರಿಗೆ ಕೊಡುತ್ತಿದ್ದ ಭೂಮಿಗೆ ‘ನೆತ್ತರುಗೊಡಗೆ’ ಎಂದು ಹೆಸರು. ವೀರಗಲ್ಲನ್ನು ನಿಲ್ಲಿಸಿ ಅದರೊಡನೆ ಕೊಟ್ಟ ಭೂಮಿಯನ್ನು ‘ಕಲ್ನಾಡು’ ಎಂದು ಕರೆಯುತ್ತಿದ್ದರು. ಬೆಂಗಳೂರಿನ ಬಳಿಯ ಬೇಗೂರಿನಲ್ಲಿ ದೊರೆತ ಕ್ರಿ. ಶ. 890ರ ಸುಮಾರಿನ ಕಲ್ಲು ಪ್ರಸಿದ್ಧವಾಗಿದೆ. ಗಂಗರಸನಾದ ಎರೆಯಪ್ಪನ ಆಜ್ಞೆಯಂತೆ ನಾಗತ್ತರನು ತುಂಬೆಪಾಡಿಯ ಕಾಳಗದಲ್ಲಿ ವೀರಮಹೇಂದ್ರನ ಸೈನ್ಯದೊಡನೆ ಕಾದಿ ಮಡಿದನು. ಎರೆಯಪ್ಪನು ಇರುಗನೆಂಬವನಿಗೆ ನಾಗತ್ತರ ಪಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನು. ಬೆಂಪೂರೇ ಇಂದಿನ ಬೇಗೂರು.

ಇವು ಅರಸರ ಯುದ್ಧಗಳ ಮಾತಾಯಿತು. ಆದರೆ ನಮ್ಮ ನಾಡಿನ ಊರೂರುಗಳಲ್ಲಿ ನಿಂತಿರುವ ಸಾವಿರಾರು ವೀರಗಲ್ಲುಗಳಲ್ಲಿ ಬಹಳಷ್ಟು ಕಲ್ಲುಗಳು ಸಾಮಾನ್ಯರವು. ಊರಿನ ತುರುಗಳನ್ನು ಕಳ್ಳರು ಹೊಡೆದುಕೊಂಡು ಹೋಗುವಾಗ ಬೆನ್ನಟ್ಟಿ ಬಿಡಿಸಿಕೊಂಡು ಬಂದವರು, ಊರಿಗೆ ಮುತ್ತಿಗೆ ಬಿದ್ದಾಗ ಬಾಗಿಲಿನಲ್ಲಿ ನಿಂತವರು, ಹೆಣ್ಣುಮಕ್ಕಳ ಮಾನವನ್ನು ಕಾಯಲು ಪ್ರಾಣವನ್ನು ಬಿಟ್ಟವರು, ಇವರೆಲ್ಲರಿಗೂ ಊರವರು ಕಲ್ಲು ನಿಲ್ಲಿಸಿದರು. ಇವರಲ್ಲಿ ಅನೇಕರು ಸಂಬಳದ ಯೋಧರಾಗಿರಲಿಲ್ಲ. ಇಂದಿನ ಮಾತಿನಲ್ಲಿ ಹೇಳುವುದಾದರೆ ಸ್ವಯಂಸೇವಕರಾಗಿದ್ದರು. ಕೆಳಗಿನ ಹಂತದಲ್ಲಿ ಹೋರಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲಿನ ಹಂತದಲ್ಲಿ ಶಿವಲಿಂಗದ ಸನ್ನಿಧಿಯಲ್ಲಿ ಕೈಮುಗಿದು ಕುಳಿತ ವೀರ, ತುದಿಯಲ್ಲಿ ಸೂರ್ಯಚಂದ್ರರು: ಇದು ವೀರಗಲ್ಲಿನ ಸಾಮಾನ್ಯವಾದ ರಚನೆ. ಊರನ್ನು ಕಾದವನು ಶಿವಸಾನ್ನಿಧ್ಯವನ್ನು ಪಡೆಯುವನೆಂಬ ನಂಬಿಕೆಯು ಕನ್ನಡಿಗರಲ್ಲಿ ಎಷ್ಟು ಆಳವಾಗಿದ್ದಿತೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ.

ಈ ದತ್ತಿಗಳ ವಿಷಯದಲ್ಲಿ ಎರಡು ಅಂಶಗಳನ್ನು ವಾಚಕರು ಮನಸ್ಸಿನಲ್ಲಿಡಬೇಕು. ಮೊದಲನೆಯದು, ದತ್ತಿಯು ಬಹಿರಂಗವಾಗಿ ಕೊಡಲ್ಪಡುತ್ತಿದ್ದಿತು. ಕೊಟ್ಟವನಾರು, ಪಡೆದವನಾರು, ಭೂಮಿಯೆಷ್ಟು, ಅದರ ಎಲ್ಲೆಯೆಲ್ಲಿ, ಸಾಕ್ಷಿಗಳಾರು ಎಂಬುದನ್ನು ಕಲ್ಲಿನ ಮೇಲೆ ಬರೆಯಿಸಿ ದೇವಾಲಯದ ಮುಂದೆಯೋ ಊರಬಾಗಿಲಿನಲ್ಲಿಯೋ ನಿಲ್ಲಿಸುತ್ತಿದ್ದರು. ಎರಡನೆಯದು, ಶಾಸನದ ಕೊನೆಯಲ್ಲಿ ಬರುವ ಶಾಪವು ಪರರಿಗೆ ಮಾತ್ರ ತಗಲುವಂತಹದಲ್ಲ. ಕೊಟ್ಟವನೇ ತಾನು ಕೊಟ್ಟುದನ್ನು ಹಿಂದಕ್ಕೆ ತೆಗೆದುಕೊಂಡರೂ ಅವನಿಗೂ ಅದೇ ಪಾಪವು ಹೇಳಲ್ಪಟ್ಟಿದೆ. ಎಂದರೆ, ಕೊಟ್ಟ ಗಳಿಗೆಯಿಂದ ಆ ಭೂಮಿಯ ಮೇಲೆ ದಾನಿಗೆ ಯಾವ ಹಿಡಿತವೂ ಉಳಿಯುತ್ತಿರಲಿಲ್ಲ. ಪಡೆದವನಿಗಾದರೋ ಕರ್ತವ್ಯವು ಉಳಿಯುತ್ತಿದ್ದಿತು. ಮಂಡ್ಯ ಜಿಲ್ಲೆಯ ಆತಕೂರಿನ ಕ್ರಿ. ಶ. 949-50ರ ಶಾಸನವನ್ನು ನೋಡಿರಿ. ಹಂದಿಯೊಡನೆ ಕಾದಿ ಸತ್ತ ಕಾಳಿ ಎಂಬ ನಾಯಿಗಾಗಿ ಮಣಲೇರನು ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ಬಿಟ್ಟನು. ಆ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ದೋಷವು ತಟ್ಟುವುದೆಂದು ಶಾಸನವು ವಿಧಿಸುತ್ತದೆ. ದತ್ತಿಯನ್ನು ಉಂಡವನು ದತ್ತಿಯ ಕೆಲಸವನ್ನು ಮಾಡಲೇಬೇಕೆಂಬುದು ಇದರ ಅಭಿಪ್ರಾಯವು.

ಇನ್ನು ಹನ್ನೆರಡನೆಯ ಶತಮಾನದ ಕಲ್ಯಾಣಕ್ಕೆ ಬರೋಣ. ಶರಣರ ಸಮೂಹದಲ್ಲಿ ತಳವಾರ ಕಾಮಿದೇವಯ್ಯನೆಂಬ ವಚನಕಾರನಿದ್ದನು. ತಳವಾರಿಕೆ ಎಂದರೆ ಊರು ಕಾಯುವುದೇ ಅವನ ಕಾಯಕವಾಗಿದ್ದಿತು. ಅದೇ ಸಮೂಹದಲ್ಲಿ ಕನ್ನದ ಮಾರಿತಂದೆ ಎಂಬ ಶರಣನೂ ಇದ್ದನು; ಅವನು ಪೂರ್ವದಲ್ಲಿ ಕನ್ನ ಹಾಕುವ ವೃತ್ತಿಯವನಾಗಿದ್ದನೆಂದು ಸಂಪ್ರದಾಯವು ಹೇಳುತ್ತದೆ. ಕಾಯುವವನೂ ಕದಿಯುತ್ತಿದ್ದವನೂ ಒಂದೇ ಶರಣಪಥದಲ್ಲಿ ಸೇರಿದರೆಂಬುದು ಎಷ್ಟು ಅರ್ಥವತ್ತಾದ ಸಂಗತಿ! ಕಾವಲು ಕೀಳು ಚಾಕರಿ ಎಂಬ ಭಾವನೆಯನ್ನು ಶರಣರು ತೊಡೆದುಹಾಕಿ, ಅದನ್ನೂ ಕಾಯಕದ ಪೀಠಕ್ಕೆ ಏರಿಸಿದರು.

ಶರಣರು ಕೊಡುವ ರೀತಿಯನ್ನೂ ತಿದ್ದಿದರು. ದಾನದಲ್ಲಿ ನಾನು ಕೊಟ್ಟೆನೆಂಬ ಭಾವವು ಉಳಿಯುತ್ತದೆ. ಕೊಡುವ ಕೈ ಮೇಲೆ, ಪಡೆಯುವ ಕೈ ಕೆಳಗೆ. ದಾಸೋಹದಲ್ಲಾದರೋ ಕೊಡುವವನೇ ದಾಸನು. ಒಡವೆಯು ಶಿವನದು, ಅದು ಶಿವನ ಸಮಾಜಕ್ಕೆ ಸಲ್ಲುತ್ತದೆ. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಮೇಲೆ, ಅರಸನ ಬೊಕ್ಕಸವನ್ನು ಜಂಗಮದಾಸೋಹಕ್ಕೆ ಬಳಸುತ್ತಿದ್ದಾರೆಂಬ ದೂರು ಬಂದಿತೆಂದೂ, ಎಣಿಸಿ ನೋಡಲಾಗಿ ಲೆಕ್ಕವು ಸರಿಯಾಗಿಯೇ ಇದ್ದಿತೆಂದೂ ಪುರಾಣಗಳು ಹೇಳುತ್ತವೆ. ಪಡೆಯುವುದಕ್ಕೂ ಒಂದು ಮಿತಿಯುಂಟೆಂಬುದನ್ನು ಆಯ್ದಕ್ಕಿ ಲಕ್ಕಮ್ಮನ ಕಥೆಯು ತಿಳಿಸುತ್ತದೆ. ಗಂಡನಾದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಆ ತಾಯಿಯು ಹಿಂದಕ್ಕೆ ಕಳುಹಿಸಿದಳು. ಕೊಡುವವನಿಗೆ ಅಹಂಕಾರವಿಲ್ಲದಿರುವುದು, ಪಡೆಯುವವನಿಗೆ ಆಸೆಯಿಲ್ಲದಿರುವುದು, ನಡುವೆ ಲೆಕ್ಕವು ಶುದ್ಧವಾಗಿರುವುದು, ಈ ಮೂರು ಸೇರಿದಾಗಲೇ ದತ್ತಿಯು ದಾಸೋಹವಾಗುತ್ತದೆ.

ವಿಜಯನಗರದ ಕಾಲದಲ್ಲಿ ರಾಜಧಾನಿಯ ಕಾವಲು ಬೇರೆಯೇ ರೀತಿಯಲ್ಲಿ ನಡೆಯುತ್ತಿದ್ದಿತು. 1443ರಲ್ಲಿ ಅಲ್ಲಿಗೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು, ನಗರಾಧಿಕಾರಿಯ ಕೈಕೆಳಗೆ 12,000 ಕಾವಲುಗಾರರಿದ್ದರೆಂದೂ, ದಿನವೊಂದಕ್ಕೆ 12,000 ಪಣಗಳಾಗುತ್ತಿದ್ದ ಅವರ ಸಂಬಳವು ವೇಶ್ಯಾವಾಟಿಕೆಯ ಉತ್ಪನ್ನದಿಂದ ಸಲ್ಲುತ್ತಿದ್ದಿತೆಂದೂ ಬರೆದಿದ್ದಾನೆ. ಏಳು ಕೋಟೆಗಳ ಒಳಗೆ ನಡೆಯುವುದೆಲ್ಲವನ್ನೂ ತಿಳಿದಿರುವುದು, ಕಳೆದುಹೋದ ಅಥವಾ ಕಳುವಾದ ವಸ್ತುವನ್ನು ಹುಡುಕಿಕೊಡುವುದು ಅವರ ಕೆಲಸ. ತಪ್ಪಿದರೆ ದಂಡ ತೆರಬೇಕಾಗಿದ್ದಿತು. ಆ ಹಣದ ಮೂಲವನ್ನು ಶರಣರು ಮೆಚ್ಚುತ್ತಿರಲಿಲ್ಲವೆಂಬುದನ್ನು ಹೇಳಬೇಕಾದುದಿಲ್ಲ. ಆದರೆ ಕಾಯುವವನೇ ನಷ್ಟಕ್ಕೆ ಹೊಣೆಯೆಂಬ ನಿಯಮವು ಗಮನಾರ್ಹವಾಗಿದೆ.

ಇದೇ ಹೊಣೆಗಾರಿಕೆಯು ಹಳ್ಳಿಗಳಲ್ಲಿಯೂ ಇದ್ದಿತು. ಗೌಡ, ಶಾನುಭೋಗ, ತಳವಾರ, ತೋಟಿ, ನೀರುಗಂಟಿ, ಬಡಗಿ, ಕಮ್ಮಾರ, ಕುಂಬಾರ, ಅಗಸ ಮುಂತಾದ ಹನ್ನೆರಡು ಮಂದಿ ಆಯಗಾರರು ಹಳ್ಳಿಯ ಬಾಳನ್ನು ಹೊತ್ತವರು. ಮೈಸೂರಿನ ಇತಿಹಾಸವನ್ನು ಬರೆದು 1810ರಲ್ಲಿ ಅದರ ಮೊದಲ ಸಂಪುಟವನ್ನು ಪ್ರಕಟಿಸಿದ ಮಾರ್ಕ್ ವಿಲ್ಕ್ಸನು ಈ ವ್ಯವಸ್ಥೆಯನ್ನು ವಿವರಿಸಿದ್ದಾನೆ. ಅಪರಾಧಗಳ ಸುದ್ದಿಯನ್ನು ಸಂಗ್ರಹಿಸುವುದು, ಊರಿಂದೂರಿಗೆ ಹೋಗುವ ದಾರಿಗರಿಗೆ ಬೆಂಗಾವಲಾಗಿ ನಡೆಯುವುದು ತಳವಾರನ ಕೆಲಸ. ಬೆಳೆಯನ್ನು ಕಾಯುವುದು, ಅಳತೆಯಲ್ಲಿ ನೆರವಾಗುವುದು ತೋಟಿಯ ಕೆಲಸ. ಇವರಿಗೆ ಅರಮನೆಯಿಂದ ಸಂಬಳ ಬರುತ್ತಿರಲಿಲ್ಲ. ಕಣದಲ್ಲಿ ರಾಶಿಯಾದಾಗ ಪ್ರತಿಯೊಬ್ಬ ಒಕ್ಕಲಿಗನೂ ಇವರ ಆಯವನ್ನು ಅಳೆದು ಕೊಡುತ್ತಿದ್ದನು. ಅದರೊಡನೆ ಒಂದಿಷ್ಟು ಮಾನ್ಯದ ಭೂಮಿಯೂ ಇರುತ್ತಿದ್ದಿತು. ಕಳುವಾದರೆ ತಳವಾರನು ಕಳ್ಳನ ಹೆಜ್ಜೆಯ ಜಾಡನ್ನು ಹಿಡಿದು ಹೋಗುವನು. ಜಾಡು ನೆರೆಯೂರಿನ ಎಲ್ಲೆಯನ್ನು ದಾಟಿದರೆ ಹೊಣೆಯು ಆ ಊರಿನ ಕಾವಲುಗಾರನಿಗೆ ವರ್ಗವಾಗುವುದು. ಇಲ್ಲಿ ದೊಡ್ಡ ದಾನಿಯೆಂಬವನೇ ಇರಲಿಲ್ಲ. ಎಲ್ಲರ ರಾಶಿಯಿಂದಲೂ ಒಂದೊಂದು ಪಾಲು ಬರುತ್ತಿದ್ದುದರಿಂದ ಕಾವಲುಗಾರನು ಯಾವ ಒಬ್ಬನ ಹಂಗಿಗೂ ಒಳಗಾಗಬೇಕಾಗಿರಲಿಲ್ಲ. ಈ ಪದ್ಧತಿಯ ಬಲವು ಇದ್ದುದೇ ಇಲ್ಲಿ.

ಆದರೆ ಇದರಲ್ಲಿ ದೋಷವಿರಲಿಲ್ಲವೆಂದು ಹೇಳಿದರೆ ಇತಿಹಾಸಕ್ಕೆ ಅಪಚಾರವಾದೀತು. ಆಯವು ಎಲ್ಲರಿಂದ ಬರುತ್ತಿದ್ದರೂ ಅಳೆಯುವ ಕೈ ಬಲಿಷ್ಠರದಾಗಿದ್ದಿತು. ತಳವಾರ, ತೋಟಿ ಮುಂತಾದ ಕೆಳಗಿನ ಚಾಕರಿಗಳು ಕೆಲವು ಜಾತಿಗಳ ಪಾಲಿಗೆ ವಂಶಪಾರಂಪರ್ಯವಾಗಿ ಕಟ್ಟಿದವು. ಅಂಗೈಯಗಲದ ಮಾನ್ಯಕ್ಕಾಗಿ ಇಡೀ ಕುಟುಂಬವು ಹಗಲಿರುಳೂ ಕರೆದಲ್ಲಿಗೆ ಓಡಬೇಕಾಗುತ್ತಿದ್ದಿತು. ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳು ಸೇರಿದ್ದ ಮುಂಬಯಿ ಇಲಾಖೆಯಲ್ಲಿ 1874ರ ವತನು ಕಾನೂನು ಈ ಬಂಧನವನ್ನು ಇನ್ನೂ ಬಿಗಿಮಾಡಿತು. ಡಾಕ್ಟರ್ ಬಾಬಾಸಾಹೇಬ ಅಂಬೇಡ್ಕರರು 1928ರಲ್ಲಿ ಮುಂಬಯಿಯ ಶಾಸನಸಭೆಯಲ್ಲಿ ಈ ಕಾನೂನಿನ ತಿದ್ದುಪಡಿಗಾಗಿ ಮಸೂದೆಯನ್ನು ತಂದುದು, ಈ ಸಣ್ಣ ಭೂಮಿಯ ದತ್ತಿಯು ಮಹಾರ ಸಮುದಾಯಕ್ಕೆ ಸಂಕೋಲೆಯಾಗಿದ್ದುದರಿಂದಲೇ. ದತ್ತಿಯು ಪಡೆದವನ ಕಾಲಿಗೆ ಬೇಡಿಯಾಗಬಾರದೆಂಬ ಪಾಠವನ್ನು ನಾವು ಇಲ್ಲಿಂದ ಕಲಿಯಬೇಕು.

ಕಾವಲಿನ ದತ್ತಿಯನ್ನು ಬಲಾತ್ಕಾರದಿಂದ ಕಿತ್ತುಕೊಂಡರೆ ಏನಾಗುವುದೆಂಬುದಕ್ಕೆ ಕಿತ್ತೂರಿನ ಚರಿತ್ರೆಯೇ ಸಾಕ್ಷಿಯಾಗಿದೆ. ಕಿತ್ತೂರು ಸಂಸ್ಥಾನದಲ್ಲಿ ಶೇತಸನದಿಗಳೆಂಬ ಕಾವಲುಪಡೆಯಿದ್ದಿತು. ಅವರು ಹೊಲವನ್ನು ಉಳುತ್ತ, ಕರೆ ಬಂದಾಗ ಕತ್ತಿ ಹಿಡಿಯುತ್ತಿದ್ದವರು. ಅವರ ಸೇವೆಗೆ ಸಂಬಳವೆಂದರೆ ಆ ಹೊಲವೇ. ಸಂಗೊಳ್ಳಿ ರಾಯಣ್ಣನು ಅಂತಹ ಮನೆತನದವನು. ಅವನ ಮನೆತನಕ್ಕೆ ಇದ್ದ ಹೊಲವು ‘ರಕ್ತಮಾನ್ಯ’ದ್ದೆಂದು ಪ್ರತೀತಿಯಿದೆ. ಸಾವಿರ ವರ್ಷಗಳ ಹಿಂದಿನ ನೆತ್ತರುಗೊಡಗೆಯ ಅರ್ಥವೇ ಈ ಪದದಲ್ಲಿಯೂ ಇದೆಯೆಂಬುದನ್ನು ವಾಚಕರು ಗಮನಿಸಬೇಕು. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಥ್ಯಾಕರೆಯು ಮಡಿದನು. ಅದೇ ವರ್ಷದ ಡಿಸೆಂಬರಿನಲ್ಲಿ ಕೋಟೆಯು ಕಂಪನಿಯ ಕೈವಶವಾಯಿತು. ವೀರರಾಣಿ ಚೆನ್ನಮ್ಮಾಜಿಯು 1829ರಲ್ಲಿ ಬೈಲಹೊಂಗಲದ ಬಂಧನದಲ್ಲಿಯೇ ಲಿಂಗೈಕ್ಯಳಾದಳು. ಕಂಪನಿಯ ಸರಕಾರವು ಸನದಿಗಳ ಹೊಲಗಳನ್ನು ಕೆಲವನ್ನು ವಶಮಾಡಿಕೊಂಡು, ಉಳಿದವುಗಳ ಮೇಲೆ ಕಂದಾಯವನ್ನು ಹೇರಿತು. ರಾಯಣ್ಣನು ಸನದಿಗಳನ್ನೂ ರೈತರನ್ನೂ ಕೂಡಿಸಿಕೊಂಡು ದಂಗೆಯೆದ್ದನು. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ನಾಡಿನ ಸ್ವಾತಂತ್ರ್ಯದ ಅಭಿಮಾನದೊಡನೆ, ಪೂರ್ವಿಕರ ನೆತ್ತರಿಗೆ ಸಂದ ಮಣ್ಣನ್ನು ಕಳೆದುಕೊಂಡ ಸಂಕಟವೂ ಆ ಹೋರಾಟದಲ್ಲಿ ಇದ್ದಿತು.

ಅನಂತರ ಕಾವಲು ಸರಕಾರದ ಇಲಾಖೆಯಾಯಿತು. 1861ರಲ್ಲಿ ಪೋಲೀಸು ಕಾನೂನು ಬಂದಿತು. 1867ರಲ್ಲಿ ಮುಂಬಯಿಯ ಗ್ರಾಮಪೋಲೀಸು ಕಾನೂನು ಪೋಲೀಸುಪಾಟೀಲನ ಅಧಿಕಾರವನ್ನು ಗೊತ್ತುಮಾಡಿತು. ಮೈಸೂರಿನಲ್ಲಿ 1908ರಲ್ಲಿ ಗ್ರಾಮಾಧಿಕಾರಗಳ ಕಾನೂನು ಆಯಿತು. ಸ್ವಾತಂತ್ರ್ಯಾನಂತರ, 1961ರ ಗ್ರಾಮಾಧಿಕಾರ ರದ್ದಿಯಾತಿ ಕಾನೂನಿನಿಂದ ವಂಶಪಾರಂಪರ್ಯದ ಚಾಕರಿಗಳು ನಿಂತುಹೋದವು. ಇದರಿಂದ ತಳವಾರನ ಮಗನು ತಳವಾರನೇ ಆಗಬೇಕೆಂಬ ಬಂಧನವು ಹರಿಯಿತು. ಇದು ನ್ಯಾಯವೇ ಸರಿ. ಆದರೆ ಅದರೊಡನೆ, ಊರಿನ ಕಾವಲು ನಮ್ಮದು ಎಂಬ ಭಾವನೆಯೂ ಸಡಿಲವಾಯಿತು. ಕಳುವಾದರೆ ಠಾಣೆಗೆ ಹೋಗುವುದು ಹೊರತು, ಊರವರು ತಮ್ಮ ಹೊಣೆಯನ್ನು ನೆನೆಯುವುದು ಅಪರೂಪವಾಯಿತು.

ಆ ಭಾವನೆಯನ್ನು ಮತ್ತೆ ಎಚ್ಚರಿಸಿದವರು ಸ್ವಯಂಸೇವಕರು. ಹುಬ್ಬಳ್ಳಿಯ ಡಾಕ್ಟರ್ ನಾರಾಯಣ ಸುಬ್ಬರಾವ್ ಹರ್ಡೀಕರರು 1923ರಲ್ಲಿ ಹಿಂದುಸ್ತಾನಿ ಸೇವಾದಳವನ್ನು ಸ್ಥಾಪಿಸಿದರು. 1924ರ ಡಿಸೆಂಬರಿನಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ನೆರೆದ ಕಾಂಗ್ರೆಸ್ ಮಹಾಧಿವೇಶನದಲ್ಲಿ ಹರ್ಡೀಕರರ ಸ್ವಯಂಸೇವಕರು ಶಿಬಿರದ ವ್ಯವಸ್ಥೆಯನ್ನು ವಹಿಸಿಕೊಂಡರು. ಶ್ರೀಮತಿ ಉಮಾಬಾಯಿ ಕುಂದಾಪುರ ಅವರ ನೇತೃತ್ವದಲ್ಲಿ ಸ್ತ್ರೀಯರೂ ಸೇವೆಗೆ ನಿಂತರು. ಸರಕಾರದ ಬೊಕ್ಕಸದ ಹಂಗಿಲ್ಲದೆ ಅಷ್ಟು ದೊಡ್ಡ ಜನಸಮೂಹವನ್ನು ಶಿಸ್ತಿನಿಂದ ನಡೆಸಬಹುದೆಂಬುದನ್ನು ಕನ್ನಡನಾಡು ಅಂದು ತೋರಿಸಿಕೊಟ್ಟಿತು. ಮುಂದೆ 1946ರ ಡಿಸೆಂಬರ್ 6ರಂದು ಮುಂಬಯಿ ಪ್ರಾಂತದಲ್ಲಿ ಗೃಹರಕ್ಷಕದಳವು ಹುಟ್ಟಿತು. ನಮ್ಮ ರಾಜ್ಯದಲ್ಲಿ 1962ರಲ್ಲಿ ಅದಕ್ಕಾಗಿ ಕಾನೂನಾಯಿತು. ನಿಷ್ಕಾಮ ಸೇವೆ ಎಂಬುದು ಈ ದಳದ ಧ್ಯೇಯವಾಕ್ಯ. ಫಲವನ್ನು ಬಯಸದೆ ಮಾಡುವ ಸೇವೆಯೆಂದರೆ ಶರಣರು ಹೇಳಿದ ದಾಸೋಹಭಾವಕ್ಕೆ ಸಮೀಪವಾದುದಲ್ಲವೇ?

ಇನ್ನು ಮೊದಲು ಎತ್ತಿದ ಪ್ರಶ್ನೆಗೆ ಬರೋಣ. ಭಕ್ತರು ಪೋಲೀಸರ ಉಪಕರಣಗಳಿಗೂ ಸ್ವಯಂಸೇವಕರ ಕಾರ್ಯಕ್ಕೂ ಧನಸಹಾಯ ಮಾಡುವುದು ಯೋಗ್ಯವೇ? ಯೋಗ್ಯವೇ ಸರಿ, ಆದರೆ ಮೇಲಿನ ಚರಿತ್ರೆಯು ಹೇಳುವ ಮರ್ಯಾದೆಗಳನ್ನು ಮೀರದೆ ಕೊಡಬೇಕು. ಒಬ್ಬ ಶ್ರೀಮಂತನ ದೊಡ್ಡ ಮೊತ್ತಕ್ಕಿಂತ ನೂರು ಮನೆಗಳ ಚಿಕ್ಕ ಕಾಣಿಕೆಯು ಶ್ರೇಷ್ಠವಾದುದು. ಕಣದ ರಾಶಿಯಿಂದ ಬಂದ ಆಯವು ಇದನ್ನು ಕಲಿಸುತ್ತದೆ. ಕೊಡುವುದನ್ನು ಯಾವ ಅಧಿಕಾರಿಯ ಕೈಗೂ ಗುಟ್ಟಾಗಿ ಕೊಡದೆ, ಸರಕಾರಕ್ಕೆ ಬರವಣಿಗೆಯ ಮೂಲಕ ಬಹಿರಂಗವಾಗಿ ಒಪ್ಪಿಸಿ, ಲೆಕ್ಕವನ್ನು ಊರ ಮುಂದಿಡಬೇಕು. ದೇವಾಲಯದ ಮುಂದೆ ನಿಂತ ಶಾಸನವು ಇದನ್ನು ಕಲಿಸುತ್ತದೆ. ಕೊಟ್ಟ ಮೇಲೆ ದಾನಿಯು ಠಾಣೆಯ ಬಾಗಿಲಿಗೆ ಹೋಗಿ, ಇವನನ್ನು ಬಿಡಿರಿ, ಅವನನ್ನು ಹಿಡಿಯಿರಿ ಎಂದು ಹೇಳುವ ಸಲಿಗೆಯನ್ನು ಬಯಸಬಾರದು. ಬಯಸಿದರೆ ಅದು ಕೊಟ್ಟುದನ್ನು ಹಿಂದಕ್ಕೆ ತೆಗೆದುಕೊಂಡಂತೆಯೇ ಆಗುತ್ತದೆ, ಶಾಸನದ ಶಾಪವು ಅವನಿಗೂ ತಗಲುತ್ತದೆ. ಸ್ವಯಂಸೇವಕನನ್ನು ಬಿಟ್ಟಿಯ ಆಳೆಂದು ಭಾವಿಸದೆ, ಅವನ ಹಸಿವು ದಣಿವುಗಳನ್ನು ವಿಚಾರಿಸಿ, ಅವನಿಗೆ ಪೆಟ್ಟಾದರೆ ಅವನ ಮನೆಯವರ ಕೈಹಿಡಿಯಬೇಕು. ನೆತ್ತರುಗೊಡಗೆಯ ಪರಂಪರೆಯು ಇದನ್ನು ಕಲಿಸುತ್ತದೆ. ಮತ್ತು ಕಾವಲು ಎಲ್ಲರದೂ ಆಗಬೇಕು. ಮಠದ ಬೀದಿಯಲ್ಲಿ ದೀಪವನ್ನೂ ಕ್ಯಾಮರಾವನ್ನೂ ನಿಲ್ಲಿಸಿ, ಊರ ಹೊರಗಿನ ಕೇರಿಯನ್ನು ಕತ್ತಲೆಯಲ್ಲಿ ಬಿಟ್ಟರೆ ಅದು ದಾಸೋಹವಾಗದು.

ಶ್ರೀಮಠದ ದಾಸೋಹದ ಪಂಕ್ತಿಯಲ್ಲಿ ಕುಳಿತವನನ್ನು, ನೀನು ಯಾರ ಮನೆಯವನು, ಈ ಅಕ್ಕಿಯನ್ನು ಕೊಟ್ಟವನು ಯಾರೆಂದು ಬಲ್ಲೆಯಾ ಎಂದು ಯಾರೂ ಕೇಳುವುದಿಲ್ಲ. ಅಕ್ಕಿ ಕೊಟ್ಟವನೂ ಅದೇ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಾನೆ. ಊರಿನ ಕಾವಲಿಗೆ ಕೊಡುವ ದತ್ತಿಯೂ ಈ ಪಂಕ್ತಿಯಂತೆಯೇ ಇರಲಿ. ಮುಂಬರುವ ಮಹೋತ್ಸವಗಳಲ್ಲಿ ನಮ್ಮ ಮಕ್ಕಳು ಶ್ರೀಮಠದ ದತ್ತಿಗಳ ಪಟ್ಟಿಯನ್ನು ಓದುವಾಗ, ಹೊಲಗದ್ದೆ ಪಾಠಶಾಲೆಗಳ ಜೊತೆಯಲ್ಲಿ, ತೇರಿನ ದಿನ ಒಂದು ಮಗುವೂ ಕಳೆದುಹೋಗದಂತೆ ಕಾಯ್ದವರ ಸೇವೆಯನ್ನೂ, ಅವರಿಗೆ ಹೆಸರು ಹೇಳದೆ ನೆರವಾದ ಊರವರ ಕಾಣಿಕೆಯನ್ನೂ ಸ್ಮರಿಸುವಂತಾಗಲಿ ಎಂದು ಗುರುಲಿಂಗಜಂಗಮರ ಅಡಿದಾವರೆಗಳಲ್ಲಿ ಪ್ರಾರ್ಥಿಸಿ ಈ ಲೇಖನವನ್ನು ಸಮರ್ಪಿಸುತ್ತೇನೆ.